ಮೊದಲು ಮೆಡಿಕಲ್, ಆಮೇಲೆ ಮುಂಗಡ

ಹುಮನಾಬಾದ ಬಸ್ ನಿಲ್ದಾಣದಲ್ಲಿ ನಸುಕಿನ ಹೊತ್ತು ಹೈದರಾಬಾದ ಬಸ್ಸಿಗೆ ಕಾಯುವವರು ಮೂರು ಬಗೆ. ಬೇಗಂಬಜಾರಿನಿಂದ ಮಾಲು ತರಲು ಹೊರಟ ಅಂಗಡಿಕಾರರು ಒಂದು ಬಗೆ. ರೋಗಿಯನ್ನು ದೊಡ್ಡ ದವಾಖಾನೆಗೆ ಕರಕೊಂಡು ಹೊರಟ ಮನೆಮಂದಿ ಎರಡನೆಯ ಬಗೆ. ಮೂರನೆಯವರನ್ನು ಗುರುತಿಸುವುದು ಕಷ್ಟವಲ್ಲ. ವಯಸ್ಸು ಇಪ್ಪತ್ತರಿಂದ ಮೂವತ್ತೈದು. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಪಾಸ್‌ಪೋರ್ಟು, ನಾಲ್ಕು ಫೋಟೋ, ಒಂದು ಚೀಟಿ. ಚಹಾ ಕೊಡಿಸಿದರೆ ಬೇಡ ಅಂತಾರೆ. "ಯಾಕೋ ತಮ್ಮಾ?" ಅಂತ ಕೇಳಿದರೆ, "ಉಪಾಸ ಇರಬೇಕ್ರಿ ಕಾಕಾ, ಇವತ್ತ ಮೆಡಿಕಲ್ ಅದ" ಎಂಬ ಉತ್ತರ.

ಮೆಡಿಕಲ್ ಅಂದರೆ ಇಲ್ಲಿ ಔಷಧದ ಅಂಗಡಿಯೂ ಅಲ್ಲ, ಡಾಕ್ಟರಿ ಕಾಲೇಜೂ ಅಲ್ಲ. ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್ - ಈ ಆರು ಕೊಲ್ಲಿ ದೇಶಗಳಲ್ಲಿ ಯಾವುದಕ್ಕೆ ದುಡಿಯಲು ಹೋಗುವುದಿದ್ದರೂ ಊರು ಬಿಡುವ ಮೊದಲು ಆಗಬೇಕಾದ ದೇಹಪರೀಕ್ಷೆ. ಹಳಬರು ಇದನ್ನು ಇನ್ನೂ 'ಗಾಮ್ಕಾ' ಅಂತಲೇ ಕರೀತಾರೆ. ಈಗ ಕಾಗದದ ಮೇಲೆ 'ವಾಫಿದ್' ಎಂದಿರುತ್ತದೆ. ಅರಬ್ಬಿ ಭಾಷೆಯಲ್ಲಿ ಹಾಗೆಂದರೆ ಹೊರಗಿನಿಂದ ಬಂದವನು. ಹೋಗುವ ಮೊದಲೇ ಹೊರಗಿನವನೆಂಬ ಹೆಸರು!

ಈ ಭಾಗದ ಮಂದಿಗೆ ಹೈದರಾಬಾದ ಹೊಸ ಊರಲ್ಲ. 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆ ಹೈದರಾಬಾದ ರಾಜ್ಯದಲ್ಲೇ ಇತ್ತು. ಮೊದಲು 9ನೇ ನಂಬರ್ ಆಗಿದ್ದು ಈಗ 65ನೇ ನಂಬರ್ ಆಗಿರುವ ಹೆದ್ದಾರಿ ಹುಮನಾಬಾದದಿಂದ ಜಹೀರಾಬಾದದ ಮೇಲೆ ಸೀದಾ ಅಲ್ಲಿಗೇ ಒಯ್ಯುತ್ತದೆ. ಬಸವಕಲ್ಯಾಣದವರು ಸಸ್ತಾಪುರ ಬಂಗ್ಲಾಕ್ಕೆ ಬಂದರೆ ಅದೇ ರಸ್ತೆ. ಮಂಗಳೂರಿನಲ್ಲೂ ಇಂಥ ಪರೀಕ್ಷಾ ಕೇಂದ್ರಗಳಿವೆ. ಆದರೆ ಬೀದರದ ಹುಡುಗನಿಗೆ ಮಂಗಳೂರಿಗಿಂತ ಹೈದರಾಬಾದವೇ ಹತ್ತಿರ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಕಾಯಕದ ಊರಿನಿಂದ ಕಾಯಕ ಹುಡುಕಿಕೊಂಡು ಹೋಗುವವರ ಹಣೆಬರಹ ಆ ಊರಿನ ಒಂದು ಎಕ್ಸ್‌ರೇ ಕೋಣೆಯಲ್ಲಿ ತೀರ್ಮಾನವಾಗುತ್ತದೆ.

ಹೋಗಲಿ, ಪರೀಕ್ಷೆ ಮಾಡುವುದು ತಪ್ಪಲ್ಲ. ತಪ್ಪು ಬೇರೆಡೆ ಇದೆ. ದುಡ್ಡು ಮೊದಲು, ಪರೀಕ್ಷೆ ಕೊನೆಗೆ ಎಂಬ ಉಲ್ಟಾ ವ್ಯವಹಾರದಲ್ಲಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಈ ಆಟದಲ್ಲಿ ಎಷ್ಟು ಮನೆಗಳ ತೊಗರಿ ಹೊಲ ಗಿರವಿಗೆ ಹೋಗಬೇಕು?

ಏನೇನು ನೋಡುತ್ತಾರೆ?

ಎತ್ತರ, ತೂಕ, ಬಿ.ಪಿ., ಕಣ್ಣು, ಕಿವಿ ಎಲ್ಲ ನೋಡುತ್ತಾರೆ. ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ರಕ್ತ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಸಕ್ಕರೆ ಕಾಯಿಲೆ ಇದೆಯೇ ಎಂದು ಹುಡುಕುತ್ತಾರೆ. ಕಿಡ್ನಿ, ಲಿವರ್ ಸರಿಯಾಗಿ ಕೆಲಸ ಮಾಡುತ್ತಿವೆಯೇ ನೋಡುತ್ತಾರೆ. ಮೂತ್ರ ಪರೀಕ್ಷೆ ಇದೆ, ಮಲ ಪರೀಕ್ಷೆ ಇದೆ. ಹೆಣ್ಣುಮಕ್ಕಳಾದರೆ ಬಸುರಿಯೇ ಎಂಬ ಪರೀಕ್ಷೆಯೂ ಇದೆ. ಫಾರಮ್ಮಿನಲ್ಲಿ ಲಸಿಕೆಗೆ ಬೇರೆ ಅಂಕಣ: ಪೋಲಿಯೊ, ದಡಾರ-ಮಂಗನಬಾವು-ರುಬೆಲ್ಲಾ, ಮೆನಿಂಜೈಟಿಸ್.

ಕೊನೆಗೆ ಒಂದೇ ಮಾತು. ಫಿಟ್ ಅಥವಾ ಅನ್‌ಫಿಟ್. ಹತ್ತನೇ ಇಯತ್ತೆಯಲ್ಲಿ ಫೇಲಾದರೆ ಮತ್ತೊಮ್ಮೆ ಕೂಡಬಹುದು. ಇಲ್ಲಿ ಹಾಗಿಲ್ಲ. ಫಲಿತಾಂಶ ಕಂಪ್ಯೂಟರಿಗೆ ಏರಿತೆಂದರೆ ಸೌದಿಯಲ್ಲಿ ಬೇಡವಾದವನು ದುಬೈಗೂ ಬೇಡವಾದಂತೆಯೇ. ಇನ್ನು ಫಿಟ್ ಎಂದು ಬಂದ ಚೀಟಿಗೂ ಕೆಲವೇ ತಿಂಗಳ ಆಯುಷ್ಯ. ವೀಸಾ ತಡವಾಯಿತೋ, ಮತ್ತೆ ಚೀಟಿಗೊಂದು ದುಡ್ಡು, ಪರೀಕ್ಷೆಗೊಂದು ದುಡ್ಡು, ಬಸ್ಸಿಗೊಂದು ದುಡ್ಡು.

ಒಬ್ಬ ವೆಲ್ಡರನ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಸರು ಬೇಡ, ಹಳ್ಳಿಯೂ ಬೇಡ. ಯಾರ ಮನೆಯದೂ ಆಗಬಹುದಾದ ಕತೆ ಇದು. ಬಸವಕಲ್ಯಾಣದ ಕಡೆ ಲಾರಿ ರಿಪೇರಿ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತ ಹುಡುಗ. ಕೈ ಚಲೋ ಇದೆ. ಏಜೆಂಟ ಬಂದು, "ದಮ್ಮಾಮದಾಗ ಕೆಲಸ ಅದ, ಎರಡು ವರ್ಷ ಕೂತಿ ಅಂದ್ರ ಮನಿ ಕಟ್ಟತಿ" ಅಂದ. ಮುಂಗಡ ಅರವತ್ತು ಸಾವಿರ. ಅವ್ವನ ಬೋರಮಾಳ ಸರ ಗಿರವಿಗೆ ಹೋಯಿತು. ಉಳಿದದ್ದಕ್ಕೆ ಕಿರಾಣಿ ಸಾವಕಾರರ ಹತ್ತಿರ ಬಡ್ಡಿಗೆ ಸಾಲ. ಎರಡು ತಿಂಗಳಾದ ಮೇಲೆ ಮೆಡಿಕಲ್ಲಿಗೆ ಹೈದರಾಬಾದಕ್ಕೆ ಹೋಗೆಂದರು. ಹೋದ.

ಎಕ್ಸ್‌ರೇದಲ್ಲಿ ಬಲ ಎದೆಯ ಮೇಲ್ಭಾಗಕ್ಕೆ ಸಣ್ಣದೊಂದು ಬಿಳಿ ಗುರುತು. ಹದಿನಾರನೇ ವಯಸ್ಸಿನಲ್ಲಿ ಟಿ.ಬಿ. ಬಂದಿತ್ತು. ಸರಕಾರಿ ದವಾಖಾನೆಯ ಗುಳಿಗೆ ಆರು ತಿಂಗಳು ತಪ್ಪದೆ ನುಂಗಿದ್ದ. ರೋಗ ಪೂರಾ ಗುಣವಾಗಿತ್ತು. ಗಾಯ ಮಾಯ್ದರೂ ಚರ್ಮದ ಮೇಲೆ ಕಲೆ ಉಳಿಯುತ್ತದಲ್ಲ, ಹಾಗೆ ಶ್ವಾಸಕೋಶದ ಮೇಲೂ ಕಲೆ ಉಳಿಯುತ್ತದೆ. ಅದರಿಂದ ಯಾರಿಗೂ ರೋಗ ಅಂಟುವುದಿಲ್ಲ. ಆದರೆ ಕೊಲ್ಲಿ ದೇಶಗಳ ನಿಯಮದಲ್ಲಿ ಹೊಸ ಟಿ.ಬಿ.ಯಷ್ಟೇ ಅಲ್ಲ, ಹಳೆ ಟಿ.ಬಿ.ಯ ಗುರುತೂ ಅನ್‌ಫಿಟ್ಟೇ. ಚೀಟಿಯ ಮೇಲೆ ಅನ್‌ಫಿಟ್ ಬಿತ್ತು.

ಏಜೆಂಟನ ಹತ್ತಿರ ಹೋದರೆ, "ಅನ್‌ಫಿಟ್ ಆದದ್ದು ನಿನ್ನ ಎದಿ, ನನ್ನ ತಪ್ಪೇನಪಾ?" ಎಂಬ ಮಾತು. ಮುಂಗಡ 'ಖರ್ಚಾಯಿತು'. ಸಾವಕಾರರಿಗೆ ತಿಂಗಳ ಬಡ್ಡಿ ತಪ್ಪುವುದಿಲ್ಲ. ಅವ್ವನ ಸರ ಬಿಡಿಸಿಕೊಳ್ಳುವುದು ಯಾವಾಗಲೋ ದೇವರೇ ಬಲ್ಲ.

ಇಲ್ಲಿ ಒಂದು ಪ್ರಶ್ನೆ. ಆ ಎಕ್ಸ್‌ರೇ ಎರಡು ತಿಂಗಳ ಮೊದಲು ತಾಲ್ಲೂಕು ದವಾಖಾನೆಯಲ್ಲೇ ತೆಗೆದಿದ್ದರೆ? ಆ ಬಿಳಿ ಗುರುತು ಅಲ್ಲೂ ಕಾಣುತ್ತಿತ್ತು. ಸರ ಅವ್ವನ ಕೊರಳಲ್ಲೇ ಇರುತ್ತಿತ್ತು. ಅಷ್ಟೇ ಈ ಲೇಖನದ ಸಾರ. ಉಳಿದದ್ದೆಲ್ಲ ಅದಕ್ಕೆ ವಿವರಣೆ.

ಬಾಗಿಲು ಕಾಯುವುದು ಅಪರಾಧವಲ್ಲ

ಕೆಲವರು ಸಿಟ್ಟಿನಿಂದ ಅಂತಾರೆ, "ಎತ್ತಿನ ಹಲ್ಲು ನೋಡಿ ಖರೀದಿ ಮಾಡಿದಂಗ ಮನಷ್ಯಾರನ್ನ ನೋಡ್ತಾರ." ಮಾತಿನಲ್ಲಿ ನೋವಿದೆ, ಸತ್ಯವೂ ಸ್ವಲ್ಪ ಇದೆ. ಆದರೂ ಯಾವ ದೇಶವಾದರೂ ತನ್ನ ಬಾಗಿಲು ಕಾಯುತ್ತದೆ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 1880ರ ದಶಕದಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಹಜ್‌ಗೆ ಹೊರಟವರನ್ನು ಕೆಂಪು ಸಮುದ್ರದ ಕಮರಾನ್ ಎಂಬ ನಡುಗಡ್ಡೆಯಲ್ಲಿ ಇಳಿಸಿ, ಕಾಲರಾ ಇಲ್ಲವೆಂದು ಖಾತ್ರಿಯಾಗುವ ತನಕ ಇಟ್ಟುಕೊಳ್ಳುತ್ತಿದ್ದರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಮರುವರ್ಷ ಯಾತ್ರೆಯ ಹಡಗುಗಳನ್ನೇ ನಿಲ್ಲಿಸಿದರು.

ಸಿಡುಬಿನ ಕಾಲವನ್ನು ಹಳಬರು ಮರೆತಿಲ್ಲ. ವಿದೇಶಕ್ಕೆ ಹೋಗುವವನ ಕೈಯಲ್ಲಿ ಪಾಸ್‌ಪೋರ್ಟಿನ ಜತೆ ಸಿಡುಬಿನ ಲಸಿಕೆಯ ಸರ್ಟಿಫಿಕೇಟೂ ಇರಬೇಕಿತ್ತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಲೋಕದಿಂದಲೇ ಸಿಡುಬು ಹೋಯಿತೆಂದು ಘೋಷಣೆಯಾಯಿತು. ಆಮೇಲೆ ಆ ಸರ್ಟಿಫಿಕೇಟು ಯಾರಿಗೂ ಬೇಡವಾಯಿತು. ರೋಗ ಹೋದರೆ ಕಾಗದವೂ ಹೋಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಭಾರತವೂ ಇದೇ ಕೆಲಸ ಮಾಡುತ್ತದೆ. ಹಳದಿ ಜ್ವರ ಇರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರು ಲಸಿಕೆಯ ಕಾಗದ ತೋರಿಸದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ಬೇರೆ ಇಡುತ್ತಾರೆ. ಅತ್ತ ಕಡೆ ಕೆಲಸಕ್ಕೆ ಹೋಗುವ ಇಲ್ಲಿನವರೂ ಆ ಸೂಜಿ ಹಾಕಿಸಿಕೊಳ್ಳಬೇಕು. ಹೈದರಾಬಾದದ ನಾರಾಯಣಗುಡದ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆಯಲ್ಲಿ ಅದನ್ನು ಹಾಕುತ್ತಾರೆ. ಮೊದಲು ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು. 2016ರ ಜುಲೈಯಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

ಆದರೆ ಎಲ್ಲ ಬಾಗಿಲೂ ಒಂದೇ ನಮೂನೆ ಅಲ್ಲ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲಕ್ಕೆ ಹೋಗುವವರೂ ಟಿ.ಬಿ. ಪರೀಕ್ಷೆ ಮಾಡಿಸಬೇಕು. ಎಕ್ಸ್‌ರೇದಲ್ಲಿ ಸಂಶಯ ಬಂದರೆ ಅವರು ಕಫದ ಪರೀಕ್ಷೆ ಮಾಡಿಸುತ್ತಾರೆ. ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಕಫದಲ್ಲಿ ಜೀವಂತ ರೋಗಾಣು ಇಲ್ಲದಿದ್ದರೆ ಸರ್ಟಿಫಿಕೇಟು ಕೊಡುತ್ತಾರೆ. ಅಲ್ಲಿ ಕಲೆ ಬರೀ ಕಲೆ. ಅಮೆರಿಕ ದೇಶ ಎಚ್‌ಐವಿ ಇದ್ದವರನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಒಳಗೆ ಬಿಡುತ್ತಿರಲಿಲ್ಲ. 2010ರ ಜನವರಿಯಲ್ಲಿ ಆ ನಿಯಮ ತೆಗೆದು ಹಾಕಿತು. ನಿಯಮ ಮಾಡಿದವರೇ ನಿಯಮ ಬದಲಿಸಬಲ್ಲರು. ಗುಣವಾದ ಟಿ.ಬಿ.ಯ ಕಲೆಯನ್ನು ರೋಗವೆಂದು ಎಣಿಸಬೇಡಿ ಎಂದು ಕೊಲ್ಲಿಯ ಸರಕಾರಗಳ ಮುಂದೆ ಕೇಳುವ ಕೆಲಸ ದಿಲ್ಲಿಯದು. ಲೋಕದ ಟಿ.ಬಿ. ರೋಗಿಗಳಲ್ಲಿ ಸುಮಾರು ಕಾಲು ಪಾಲು ಈ ದೇಶದಲ್ಲೇ ಇರುವಾಗ ಇದು ಸಣ್ಣ ಮಾತಲ್ಲ. ಆದರೆ ದಿಲ್ಲಿ ಮಾತಾಡುವ ತನಕ ಬಸವಕಲ್ಯಾಣದ ಹುಡುಗ ಬಡ್ಡಿ ಕಟ್ಟುತ್ತ ಕೂಡಬೇಕೇ?

ಅನ್‌ಫಿಟ್ ಆದ ಮೇಲೆ

ದುಡ್ಡು ಹೋದದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹುಡುಗ ಮನೆಗೆ ಬಂದು ಏನು ಹೇಳುತ್ತಾನೆ? "ವೀಸಾ ಕ್ಯಾನ್ಸಲ್ ಆಯ್ತು" ಅಂತಾನೆ. ಕಾರಣ ಹೇಳುವುದಿಲ್ಲ. ಹೇಳಿದರೆ ಓಣಿಯಲ್ಲಿ ಮಾತು. ತಂಗಿಯ ಮದುವೆಗೆ ಅಡ್ಡಿ. ಎಷ್ಟೋ ಸಲ ಕಾರಣ ಅವನಿಗೂ ನೆಟ್ಟಗೆ ತಿಳಿದಿರುವುದಿಲ್ಲ. ಫೈಲು ಅಟ್ಟದ ಮೇಲೆ ಹೋಗುತ್ತದೆ.

ಆ ಫೈಲಿನೊಳಗೆ ಇದ್ದದ್ದು ಹಳೆ ಕಲೆ ಅಲ್ಲ, ಹೊಸ ಟಿ.ಬಿ. ಆಗಿದ್ದರೆ? ಅಟ್ಟಕ್ಕೆ ಹೋದ ಫೈಲು ಕೆಮ್ಮು ನಿಲ್ಲಿಸುವುದಿಲ್ಲ. ಅದೇ ಮನೆಯಲ್ಲಿ ಮುದುಕಿ ಇದ್ದಾಳೆ, ಕೂಸು ಇದೆ. ಕೊಲ್ಲಿ ದೇಶ ತನ್ನ ಮಂದಿಯನ್ನು ಉಳಿಸಿಕೊಂಡಿತು. ಇಲ್ಲಿನ ಓಣಿಯನ್ನು ಉಳಿಸುವವರು ಯಾರು? ಟಿ.ಬಿ. ಔಷಧ ಸರಕಾರಿ ದವಾಖಾನೆಯಲ್ಲಿ ಪೂರಾ ಪುಕ್ಕಟೆ. ಔಷಧದ ಜತೆಗೆ ಊಟೋಪಚಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂ. ಕೊಡುವ ಯೋಜನೆ 2018ರಲ್ಲಿ ಬಂತು. 2024ರ ನವೆಂಬರಿನಿಂದ ಅದು 1,000 ರೂ. ಆಗಿದೆ. ಆದರೆ ದವಾಖಾನೆಗೆ ಬಂದವನಿಗೆ ತಾನೇ ಅದು?

ಹೆಪಟೈಟಿಸ್ ಬಿ ವಿಷಯವೂ ಹೀಗೇ. ಕಾಮಣಿ ಅಂದ ಕೂಡಲೇ ಈ ಕಡೆ ಗಿಡಮೂಲಿಕೆ ಔಷಧದವರ ಹತ್ತಿರ ಓಡುವುದು ರೂಢಿ. ಈ ಕಾಯಿಲೆಯ ವಿಶೇಷವೆಂದರೆ ಕಣ್ಣು ಹಳದಿ ಆಗದೆಯೂ ವರ್ಷಗಟ್ಟಲೆ ರಕ್ತದಲ್ಲಿ ಅಡಗಿ ಕೂಡುತ್ತದೆ. ಕೊನೆಗೆ ಲಿವರ್ ಕೆಡಿಸುತ್ತದೆ. ಒಂದೇ ತಾಟಿನಲ್ಲಿ ಉಂಡರೆ ಅಂಟುವುದಿಲ್ಲ, ಕೈ ಕುಲುಕಿದರೂ ಅಂಟುವುದಿಲ್ಲ. ರಕ್ತದಿಂದ, ದೇಹಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಅಂಟುತ್ತದೆ. ಇದಕ್ಕೂ ಪುಕ್ಕಟೆ ಚಿಕಿತ್ಸೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಿಂದ ಇದೆ. ಹೈದರಾಬಾದದಲ್ಲಿ ಅನ್‌ಫಿಟ್ ಆದ ಹುಡುಗನಿಗೆ ಇದನ್ನು ಹೇಳುವವರು ಯಾರು?

ಎಚ್‌ಐವಿ ಮಾತಂತೂ ಯಾರೂ ಬಾಯಿ ಬಿಡುವುದಿಲ್ಲ. 2017ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. 2018ರ ಸೆಪ್ಟೆಂಬರಿನಲ್ಲಿ ಜಾರಿಗೂ ಬಂತು. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಪರೀಕ್ಷೆಯ ಮೊದಲೂ ಆಮೇಲೂ ತಿಳಿಸಿ ಹೇಳಬೇಕು, ಗುಟ್ಟು ಹೊರಗೆ ಬಿಡಬಾರದು ಎಂದು ಆ ಕಾಯ್ದೆ ಹೇಳುತ್ತದೆ. ಕೆಲಸದ ಆಸೆಗೆ ಬಿದ್ದವನು ಫಾರಮ್ಮಿನ ಕೆಳಗೆ ಓದದೆ ಹಾಕುವ ಸಹಿ ಒಪ್ಪಿಗೆ ಎನಿಸುತ್ತದೆಯೇ? ಇನ್ನು ಆ ರಿಪೋರ್ಟನ್ನು ಏಜೆಂಟನ ಮೇಜಿನ ಮೇಲೆ ನಾಲ್ಕು ಮಂದಿ ತಿರುವಿ ಹಾಕಿದರೆ ಗುಟ್ಟು ಎಲ್ಲಿ ಉಳಿಯಿತು?

'ಸೆಟ್ಟಿಂಗ್' ಎಂಬ ಮೋಸ

ಇಷ್ಟರ ಮೇಲೆ ಇನ್ನೊಂದು ಜಾತಿಯ ದಲಾಲರು ಇದ್ದಾರೆ. "ಅನ್‌ಫಿಟ್ ಆಗ್ಯದೇನು? ಚಿಂತಿ ಬ್ಯಾಡ ಭಾಯಿ, ಸೆಟ್ಟಿಂಗ್ ಮಾಡ್ತೀನಿ, ಇಪ್ಪತ್ತು ಸಾವಿರ ಕೊಡು" ಅಂತಾರೆ. ಬೇರೆಯವನ ರಕ್ತ ಕೊಡಿಸುವುದು, ಕಾಗದ ತಿದ್ದುವುದು, ಹೆಸರಿನ ಅಕ್ಷರ ಬದಲಿಸಿ ಹೊಸ ಚೀಟಿ ತೆಗೆಸುವುದು ಇವರ ಬಾಯಿಮಾತಿನ ಬಂಡವಾಳ.

ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಕೊಲ್ಲಿ ದೇಶದಲ್ಲಿ ಇಳಿದ ಮೇಲೆ ಅಲ್ಲಿ ವಾಸದ ಪರವಾನಗಿ ಸಿಗುವ ಮೊದಲು ಮತ್ತೊಮ್ಮೆ ದೇಹಪರೀಕ್ಷೆ ಇದೆ. ಅಲ್ಲಿ ಸಿಕ್ಕಿಬಿದ್ದರೆ ಮರಳಿ ವಿಮಾನ ಹತ್ತಿಸುತ್ತಾರೆ. ಇಲ್ಲೇ ಅನ್‌ಫಿಟ್ ಆದವನು ಮುಂಗಡ ಕಳೆದುಕೊಂಡ. ಅಲ್ಲಿ ಹೋಗಿ ಅನ್‌ಫಿಟ್ ಆದವನು ಮುಂಗಡ, ಟಿಕೇಟು, ಮಾನ ಎಲ್ಲ ಕಳೆದುಕೊಂಡ. ಸೆಟ್ಟಿಂಗ್ ಮಾಡಿಸಿದ ಮಹಾಶಯ ಅಷ್ಟರಲ್ಲಿ ಫೋನ್ ನಂಬರೇ ಬದಲಿಸಿರುತ್ತಾನೆ.

ಏಜೆಂಟರಲ್ಲೂ ನೋಂದಣಿ ಆದವರಿದ್ದಾರೆ, ಆಗದವರಿದ್ದಾರೆ. 1983ರ ವಲಸೆ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ವಿದೇಶಕ್ಕೆ ಆಳು ಕಳಿಸುವಂತಿಲ್ಲ. ಲೈಸೆನ್ಸ್ ಇದ್ದವರೂ ಹೋಗುವವನಿಂದ 30,000 ರೂ. ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ಇದ್ದವರ ಪಟ್ಟಿ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರಾದರೂ ನೋಡಬಹುದು. ಚಹಾದಂಗಡಿಯಲ್ಲಿ ಕೂತು, ರಸೀದಿ ಇಲ್ಲದೆ, ಲಕ್ಷದ ಲೆಕ್ಕದಲ್ಲಿ ಮಾತಾಡುವವನು ಆ ಪಟ್ಟಿಯಲ್ಲಿ ಇದ್ದಾನೆಯೇ ಎಂದು ಕೇಳುವವರಿಲ್ಲ. ಓದು ಕಡಿಮೆ ಇರುವವರೇ ಈ ಬಲೆಗೆ ಹೆಚ್ಚು ಬೀಳುವವರು. ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕೆಂಬ ನಿಯಮ ಇರುವುದೂ ಅವರ ರಕ್ಷಣೆಗೆ. ಅದನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಎನ್ನುವವನನ್ನು ಆ ಕ್ಷಣವೇ ಬಿಟ್ಟು ಏಳಬೇಕು.

ಹಜ್‌ಗೆ ಆಗುವುದು ದುಡಿಮೆಗೆ ಯಾಕಿಲ್ಲ?

ಸರಕಾರಕ್ಕೆ ಇದೆಲ್ಲ ಮಾಡಲು ಬರುವುದಿಲ್ಲ ಎಂದಲ್ಲ. ಪ್ರತಿ ವರ್ಷ ಹಜ್ ಯಾತ್ರಿಕರಿಗೆ ಜಿಲ್ಲೆ ಜಿಲ್ಲೆಗಳಲ್ಲಿ ಲಸಿಕೆ ಶಿಬಿರ ನಡೆಯುತ್ತದೆ. ಮೆನಿಂಜೈಟಿಸ್ ಅಂದರೆ ಮೆದುಳಿನ ಪೊರೆಗೆ ಬರುವ ಉರಿಯೂತ. 1987ರಲ್ಲಿ ಹಜ್ ಕಾಲಕ್ಕೆ ಆ ರೋಗ ದೊಡ್ಡದಾಗಿ ಹಬ್ಬಿತು. 2000 ಮತ್ತು 2001ರಲ್ಲಿ ಅದರದೇ ಇನ್ನೊಂದು ತಳಿ ಕಾಣಿಸಿತು. ಆಮೇಲೆ ನಾಲ್ಕು ತಳಿಗೂ ತಾಗುವ ಸೂಜಿ ಕಡ್ಡಾಯವಾಯಿತು. ಹೊರಡುವ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ಶಿಬಿರದಲ್ಲಿ ಆ ಸೂಜಿ, ಪೋಲಿಯೊ ಹನಿ, ತಪಾಸಣೆ, ಕಾರ್ಡು ಎಲ್ಲ ಒಂದೇ ಕಡೆ ಆಗುತ್ತದೆ. ಯಾತ್ರಿಕರು ಹಿರಿಯರು, ಅವರಿಗೆ ಈ ಸೌಕರ್ಯ ಸಿಗಬೇಕಾದ್ದೇ. ಅದೇ ದೇಶಕ್ಕೆ ದುಡಿಯಲು ಹೋಗುವ ಮಗನಿಗೆ ಮಾತ್ರ ಇದ್ಯಾವುದೂ ಇಲ್ಲ!

ಕೋವಿಡ್ ಕಾಲ ನೆನಪಿರಲಿ. 2021ರ ಏಪ್ರಿಲ್ 17ರಂದು ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು. ಎರಡನೇ ಅಲೆ ಆಗ ಏರುತ್ತಿತ್ತು. ರಜೆಗೆ ಬಂದು ಸಿಕ್ಕಿಕೊಂಡ ಕೊಲ್ಲಿಯ ದುಡಿಮೆಗಾರರು ಲಸಿಕೆಯ ಕಾಗದವಿಲ್ಲದೆ ಮರಳಿ ಹೋಗುವಂತಿರಲಿಲ್ಲ. ಕೋವಿಶೀಲ್ಡ್ ಎರಡು ಡೋಸಿನ ನಡುವೆ 84 ದಿನದ ಅಂತರ ಇತ್ತು. ಜೂನ್ ತಿಂಗಳಲ್ಲಿ ಕೇಂದ್ರ ಸರಕಾರ ವಿದೇಶಕ್ಕೆ ಓದಲು, ದುಡಿಯಲು ಹೋಗುವವರಿಗೆ 28 ದಿನ ಕಳೆದ ಮೇಲೆ ಎರಡನೇ ಡೋಸು ಕೊಡಬಹುದು ಎಂದಿತು. ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ನಂಬರು ಸೇರಿಸುವ ವ್ಯವಸ್ಥೆಯೂ ಅದೇ ತಿಂಗಳು ಬಂತು. ಕೊವ್ಯಾಕ್ಸಿನ್ ಹಾಕಿಸಿಕೊಂಡವರು ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ತನಕ, ಅಂದರೆ ಆ ವರ್ಷದ ನವೆಂಬರ್ 3ರ ತನಕ, ತಳಮಳದಲ್ಲೇ ಕಾದರು. ಮನಸ್ಸು ಮಾಡಿದರೆ ಸರಕಾರಕ್ಕೆ ದಾರಿ ಇದೆ ಎಂಬುದು ಆಗಲೇ ಸಿದ್ಧವಾಯಿತು.

ಮಾಡಬೇಕಾದದ್ದು

ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕು ದವಾಖಾನೆಗಳಲ್ಲಿ ವಾರಕ್ಕೆ ಒಂದು ದಿನ, ಸಂತೆಯ ದಿನವಾದರೆ ಇನ್ನೂ ಚಲೋ, ವಿದೇಶಕ್ಕೆ ಹೋಗುವವರ ತಪಾಸಣೆಗೆಂದು ಎರಡು ತಾಸು ಎತ್ತಿಡಬೇಕು. ಎದೆಯ ಎಕ್ಸ್‌ರೇ, ಸಕ್ಕರೆ, ಬಿ.ಪಿ., ಎಚ್‌ಐವಿ, ಹೆಪಟೈಟಿಸ್ ಇವು ಹೊಸದಾಗಿ ಕಟ್ಟಬೇಕಾದ ಸೌಕರ್ಯಗಳಲ್ಲ. ಸರಕಾರದ ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ಚದುರಿ ಹೋಗಿರುವ ಪರೀಕ್ಷೆಗಳನ್ನು ಒಂದು ದಿನ ಒಂದು ಕೋಣೆಗೆ ತರಬೇಕು, ಅಷ್ಟೇ. ಇಲ್ಲಿಯ ಪರೀಕ್ಷೆಯಲ್ಲಿ ಸರಿ ಬಂದರೆ ಹೈದರಾಬಾದದಲ್ಲಿ ಫಿಟ್ ಆಗೇ ಆಗುತ್ತಾನೆ ಎಂಬ ಗ್ಯಾರಂಟಿ ಯಾರೂ ಕೊಡಲಾರರು. ಆದರೆ ಮುಂಗಡ ಕೊಡುವ ಮೊದಲು ತನ್ನ ಎದೆ, ತನ್ನ ರಕ್ತ ಏನು ಹೇಳುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಏನಾದರೂ ಕಂಡರೆ ಅದೇ ದವಾಖಾನೆಯಲ್ಲಿ ಅದೇ ದಿನ ಚಿಕಿತ್ಸೆಗೆ ಹೆಸರು ಬರೆಸಬಹುದು. ಫೈಲು ಅಟ್ಟಕ್ಕೆ ಹೋಗುವುದಿಲ್ಲ.

ಎರಡನೆಯದು ಲಸಿಕೆ. ಬಾಲ್ಯದ ಲಸಿಕೆ ಕಾರ್ಡು ಜೋಪಾನ ಇಟ್ಟ ಮನೆಗಳು ಎಷ್ಟಿವೆ? ಹೆಪಟೈಟಿಸ್ ಬಿ ಸೂಜಿ ಮಕ್ಕಳ ಲಸಿಕೆ ಪಟ್ಟಿಗೆ ದೇಶಕ್ಕೆಲ್ಲ ಸೇರಿದ್ದು 2011ರ ಹೊತ್ತಿಗೆ. ಹಾಗಾಗಿ ಇಂದು ಇಪ್ಪತ್ತು ದಾಟಿದ ಹುಡುಗರಲ್ಲಿ ಬಹಳ ಮಂದಿಗೆ ಅದು ಸಿಕ್ಕಿಲ್ಲ. ದೊಡ್ಡವರಿಗೆ ಅದರ ಮೂರು ಡೋಸು: ಇವತ್ತು ಒಂದು, ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವೀಸಾ ಬಂದ ಮೇಲೆ ಓಡಾಡಿದರೆ ಆಗುವ ಕೆಲಸವಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ದಿನವೇ ಶುರು ಮಾಡಬೇಕು. 2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ 15 ವರ್ಷದೊಳಗಿನವರಿಗೆ ದಡಾರ-ರುಬೆಲ್ಲಾ ಸೂಜಿಯ ಅಭಿಯಾನ ನಡೆಯಿತು. ಆಗ ಶಾಲೆಯಲ್ಲಿ ಸೂಜಿ ಚುಚ್ಚಿಸಿಕೊಂಡ ಹುಡುಗರು ಈಗ ದುಡಿಯುವ ವಯಸ್ಸಿಗೆ ಬಂದಿದ್ದಾರೆ. ಅಂದಿನ ಕಾರ್ಡು ಟ್ರಂಕಿನಲ್ಲಿ ಇದ್ದರೆ ಹುಡುಕಿ ತೆಗೆದಿಡುವುದು ಒಳಿತು.

ಮೂರನೆಯದು ಬೋರ್ಡು. ಎರಡೂ ಬಸ್ ನಿಲ್ದಾಣಗಳಲ್ಲಿ ಗುಟಕಾದ ಪೀಕು ತಾಗದಷ್ಟು ಎತ್ತರದಲ್ಲಿ ಕನ್ನಡ, ಉರ್ದು, ಮರಾಠಿಯಲ್ಲಿ ನಾಲ್ಕು ಸಾಲು ಬರೆಸಿದರೆ ಸಾಕು: ಲೈಸೆನ್ಸ್ ಕೇಳಿ. ರಸೀದಿ ಕೇಳಿ. ಶುಲ್ಕದ ಮಿತಿ ಇಷ್ಟು. ಮೊದಲು ತಪಾಸಣೆ, ಆಮೇಲೆ ಮುಂಗಡ.

ಇನ್ನು ಅಂಗಡಿಕಾರರಿಗೆ ಒಂದು ಮಾತು. ದುಬೈಗೆ ಹೋಗುವ ಹುಡುಗ ಸಾಲಕ್ಕೆ ಬರುವುದು ಬ್ಯಾಂಕಿಗಲ್ಲ, ನಿಮ್ಮ ಗಲ್ಲೆಯ ಮುಂದೆ. ಅಡವು ಏನಿದೆ, ಜಾಮೀನು ಯಾರು ಎಂದು ಕೇಳುತ್ತೀರಿ. ಅದರ ಮೊದಲು "ಮೆಡಿಕಲ್ ಆಯ್ತೇನೋ ತಮ್ಮಾ?" ಎಂಬ ಒಂದು ಪ್ರಶ್ನೆ ಕೇಳಿ. ಇಲ್ಲ ಅಂದರೆ, "ಮೊದಲು ಎದಿ ಫೋಟೋ ತಗಿಸಿಕೊಂಡ ಬಾ, ರೊಕ್ಕ ಎಲ್ಲೂ ಓಡಿ ಹೋಗಲ್ಲ" ಎಂದು ಕಳಿಸಿ. ನಿಮ್ಮ ಸಾಲವೂ ಮುಳುಗುವುದಿಲ್ಲ, ಅವನ ಮನೆಯೂ ಮುಳುಗುವುದಿಲ್ಲ. ವ್ಯಾಪಾರದ ಲೆಕ್ಕದಲ್ಲೂ ಇದು ಲಾಭದ ಮಾತೇ.

ಬಸ್ಸಿನಲ್ಲಿ ದಿನಾ ಓಡಾಡುವವರಿಗೂ ಒಂದು ಮಾತು. ಪಕ್ಕದ ಸೀಟಿನ ಹುಡುಗ ಹೈದರಾಬಾದದಿಂದ ಮರಳುವಾಗ ಕಿಟಕಿಯ ಕಡೆ ಮುಖ ತಿರುಗಿಸಿ ಸುಮ್ಮನೆ ಕೂತಿದ್ದರೆ, "ಏನಾಯ್ತು, ಯಾಕಾಯ್ತು" ಎಂದು ನಾಲ್ಕು ಮಂದಿ ಕೇಳುವಂತೆ ಗದ್ದಲ ಮಾಡಬೇಡಿ. ಅನ್‌ಫಿಟ್ ಎಂಬುದು ಒಂದು ದೇಶದ ಫಾರಮ್ಮಿನ ಮೇಲಿನ ಪದ. ಮನುಷ್ಯ ನಿರುಪಯೋಗಿ ಎಂದು ಅದರ ಅರ್ಥವಲ್ಲ. "ತಾಲ್ಲೂಕು ದವಾಖಾನಿಗೆ ಹೋಗಿ ಆ ಕಾಗದ ತೋರಿಸಪ್ಪ" ಎಂದು ಮೆಲ್ಲಗೆ ಹೇಳಿದರೆ ಒಂದು ಜೀವ ಉಳಿಯಬಹುದು. ಅದೇ ಕೈಯಿಂದ ಅವನು ಇಲ್ಲೂ ವೆಲ್ಡಿಂಗ್ ಮಾಡಬಲ್ಲ, ಇಲ್ಲೂ ಲಾರಿ ಓಡಿಸಬಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳು, ಕಾರ್ಮಿಕ ಇಲಾಖೆಯವರು, ಎರಡೂ ತಾಲ್ಲೂಕಿನ ಶಾಸಕರು ಒಂದು ದಿನ ನಸುಕಿನಲ್ಲಿ ಎದ್ದು ಹುಮನಾಬಾದ ಬಸ್ ನಿಲ್ದಾಣಕ್ಕೆ ಬಂದು ನೋಡಲಿ. ಖಾಲಿ ಹೊಟ್ಟೆಯಲ್ಲಿ ಫೈಲು ಹಿಡಿದು ನಿಂತ ಹುಡುಗರಲ್ಲಿ ಎಷ್ಟು ಮಂದಿ ಆಗಲೇ ಮುಂಗಡ ಕೊಟ್ಟಿದ್ದಾರೆ ಎಂದು ಕೇಳಲಿ. ಉತ್ತರ ಕೇಳಿದ ಮೇಲೂ ವಾರಕ್ಕೆ ಎರಡು ತಾಸು ಎತ್ತಿಡಲು ಆಗುವುದಿಲ್ಲ ಅನ್ನುವವರು ಯಾರಾದರೂ ಇದ್ದರೆ ಮುಂದೆ ಬಂದು ಹೇಳಲಿ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?